ವತಾ

ಕೆಲಸದ ಸ್ವರೂಪ ಅಂತ ಒಂದು ಕಾಲಂ ಇದೆ ನಿನ್ನ ಫಾರಮ್ಮಿನಲ್ಲಿ,
ಅದರ ಮುಂದೆ ಒಂದೂವರೆ ಇಂಚು ಜಾಗ.
ನರ್ಸು ಅಂತ ಹಾಕಲಾ ಅಜ್ಜಿ, ಅಂತೀಯ.
ಬೇಡ ತಮ್ಮಾ.
ನಾನು ಯಾರ ಗಾಯವನ್ನೂ ತೊಳೆದವಳಲ್ಲ.
ಸತ್ತವರ ಜೇಬಿನ ಕಾಗದ ಓದುತ್ತಿದ್ದೆ.

ಈ ದಾವಣಗೆರೆಯಲ್ಲೇ ಕಲಿತದ್ದು. ನಗಬೇಡ.
ಹತ್ತಿ ಕೊಳ್ಳಲು ಬಂದ ಜಪಾನಿನವನೊಬ್ಬ
ಚೌಕಿಪೇಟೆಯ ಹಿಂದೆ ಮನೆ ಹಿಡಿದಿದ್ದ, ಆರು ವರ್ಷ.
ನಮ್ಮಪ್ಪ ತೂಕದ ಶಂಕ್ರಪ್ಪ ಅವನ ಅಂಡಿಗೆ ತೂಗುತ್ತಿದ್ದ,
ನಾನು ಅವನ ಹೆಂಡತಿಗೆ ನೀರು ತರಲು, ಕಾಯಿಪಲ್ಲೆ ತರಲು, ಬೇಸರ ಕಳೆಯಲು.
ಹೆಸರು ನೊಬು. ಓಣಿಗೆಲ್ಲ ನೋಬಮ್ಮ.
ಮೊದಲ ದಿನ ನನ್ನ ಲಂಗಕ್ಕೆ ಅಂಟಿದ್ದ ಎಳೆಯೊಂದನ್ನು ಬಿಡಿಸಿ
ಬೆಳಕಿಗೆ ಹಿಡಿದು ಅಂದಳು: ವತಾ.
ಹತ್ತಿ, ಅಂದೆ ನಾನು.
ಹಚ್ಚಿ, ಅಂದಳು. ಅವಳ ನಾಲಗೆ ಅಷ್ಟೇ ಹತ್ತಿತು.

ಆಮೇಲೆ ತಿಳಿಯಿತು, ಅವರಲ್ಲೂ ನಮ್ಮ ಹಾಗೇ
ಕ್ರಿಯಾಪದ ಬರುವುದು ಕೊನೆಗೆ,
ಮದುವೆ ಮನೆಗೆ ಸೋದರಮಾವ ಬಂದ ಹಾಗೆ.
ಅವನು ಬರುವ ತನಕ
ಹೌದೋ ಅಲ್ಲವೋ ಯಾರಿಗೂ ಗೊತ್ತಿಲ್ಲ.

ಯುದ್ಧ ಅಂದರು. ರಾತ್ರೋರಾತ್ರಿ ಮನೆ ಖಾಲಿ.
ಎರಡು ವರ್ಷದ ಮೇಲೆ ಪೊಲೀಸಿನವನು ನನ್ನ ಹೆಸರು ಹಿಡಿದು ಬಂದಾಗ
ಅಪ್ಪ ಹೆದರಿ ಮೊದಲು ತಕ್ಕಡಿಯನ್ನು ಬಚ್ಚಿಟ್ಟ, ಆಮೇಲೆ ನನ್ನನ್ನು.

ಖಾಕಿ ಸೀರೆ ಕೊಟ್ಟರು. ದಿಲ್ಲಿ, ಆಮೇಲೆ ಕೊಮಿಲ್ಲಾ.
ಬಿದಿರಿನ ಕೋಣೆ, ಸೀಮೆಎಣ್ಣೆ ದೀಪ,
ರಕ್ತ ಒಣಗಿ ಹಾಳೆಗೆ ಹಾಳೆ ಅಂಟಿದ ಡೈರಿಗಳು.
ಅಂಡಿಗೆ ಹೊಲಿಯುವ ದಬ್ಬಳ ಊರಿಂದ ತಂದಿದ್ದೆ,
ಅದರಲ್ಲೇ ಬಿಡಿಸುತ್ತಿದ್ದೆ, ಮೆಲ್ಲಗೆ.
ಪಕ್ಕದಲ್ಲಿ ಕ್ಯಾಪ್ಟನ್. ಒಂದೊಂದು ಪದಕ್ಕೂ ಯೆಸ್? ಯೆಸ್? ಅನ್ನುವನು.
ಅವರ ಭಾಷೆಯಲ್ಲಿ ಇಲ್ಲ ಅನ್ನುವುದು ಬೇಗ ಬರುತ್ತದೆ,
ಕಾದು ಅಭ್ಯಾಸವಿಲ್ಲ.

ಒಂದು ಮಧ್ಯಾಹ್ನ ವಿಮಾನದಲ್ಲಿ ಒಂದೇ ಹಾಳೆ ಬಂತು.
ದೊಡ್ಡ ಅಕ್ಷರ ಬಾರದ ಹುಡುಗ,
ಮಕ್ಕಳ ಅಕ್ಷರದಲ್ಲಿ ಬರೆದಿದ್ದ:
ಉಪ್ಪು ಮುಗಿದು ನಾಲ್ಕು ದಿನ.
ಹಗಲು ಹಂದಿಗೂಡಿನಲ್ಲಿ ಮಲಗಿದೆವು.
ನಾಳೆ ಕತ್ತಲಲ್ಲಿ ಹೊಳೆಯನ್ನು
ವತಾ

ಅಲ್ಲಿಗೆ ಹರಿದಿತ್ತು.

ವತಾರು ಅಂದರೆ ದಾಟುತ್ತೇವೆ.
ವತಾರಾನೈ ಅಂದರೆ ದಾಟುವುದಿಲ್ಲ.
ಬರೀ ವತಾ ಅಂದರೆ ನೋಬಮ್ಮನ ಬೆರಳಲ್ಲಿ ಬೆಳಕಿಗೆ ಹಿಡಿದ ಎಳೆ.
ನಮ್ಮಲ್ಲೂ ಹಾಗೇ ಅಲ್ಲವೇನೋ,
ಹತ್ತಿ ಅಂದರೆ ಹತ್ತಿ, ಗುಡ್ಡ ಹತ್ತಿ ಅಂದರೂ ಹತ್ತಿ,
ಮುಂದೇನು ಅನ್ನುವುದು ಮುಂದಿನ ಮಾತಿಗೆ ಬಿಟ್ಟದ್ದು.

ಕ್ಯಾಪ್ಟನ್ನಿನ ಸೀಸದಕಡ್ಡಿ ಕಾಯುತ್ತಿತ್ತು.
ಯೆಸ್?
ಮುಳ್ಳು ನಿಲ್ಲುವ ಮೊದಲು ತೂಕ ಕೂಗಬಾರದು
ಅಂತ ಅಪ್ಪ ಸಾವಿರ ಸಲ ಹೇಳಿದ್ದ.
ಕೂಗಿಬಿಟ್ಟೆ.
ದಾಟುತ್ತಾರೆ, ಅಂದೆ.

ಫೋನು ತಿರುಗಿಸಿದರು. ಯಾವ ಹೊಳೆ, ಯಾವ ದಡ,
ಯಾರು ಯಾರಿಗಾಗಿ ಅಲ್ಲಿ ಕಾದರು, ಯಾರು ಇನ್ನೊಂದು ಕಡೆಯಿಂದ ಬಂದರು,
ನನಗೆ ಯಾರೂ ಹೇಳಲಿಲ್ಲ. ಕೇಳುವ ಹಾಗಿರಲಿಲ್ಲ.
ರಾತ್ರಿ ಊಟಕ್ಕೆ ಮೀನಿತ್ತು. ನಾನು ಮುಟ್ಟದವಳು, ಅನ್ನಕ್ಕೆ ಉಪ್ಪು ಕಲೆಸಿಕೊಂಡೆ,
ಉಪ್ಪು ಕಲೆಸಿಕೊಂಡು ಸುಮ್ಮನೆ ಕೂತೆ.

ಊರಿಗೆ ಬಂದು ಮೂವತ್ತು ವರ್ಷ
ಹತ್ತಿ ಸೊಸೈಟಿಯಲ್ಲಿ ತೂಕ ಬರೆದೆ.
ಮುಳ್ಳು ಪೂರ್ತಿ ನಿಲ್ಲುವ ತನಕ ಪೆನ್ನು ಎತ್ತುತ್ತಿರಲಿಲ್ಲ.
ಗಾಡಿಯವರು ಬೈಯುತ್ತಿದ್ದರು,
ಹಾಲಮ್ಮಕ್ಕ, ಎತ್ತು ನಿಂತೇ ಮುದುಕಾದವು.
ಆಗಲಿ, ಅನ್ನುತ್ತಿದ್ದೆ.

ಎಲ್ಲಿ, ಏನು ಬರೆದುಕೊಂಡೆ? ಇತ್ತ ತೋರಿಸು.
ನರ್ಸು.
ಅದೂ ಇಂಕಿನಲ್ಲಿ.
ಇರಲಿ ಬಿಡು, ನನ್ನ ಹಿಂದೆ ಸಾಲು ಬಾಗಿಲ ತನಕ ಹೋಗಿದೆ.
ಸಹಿ ಎಲ್ಲಿ ಹಾಕಲಿ?